ಬಿಳಿ ಆಡಿನ ನೂರಿಪ್ಪತ್ತು ಪ್ರತಿ

ಹತ್ತು ಗಂಟೆಗೆ ಚಿತ್ರದಜ್ಜ ಬರುವವನಿದ್ದ. ಒಂಬತ್ತೂವರೆಯೊಳಗೆ ಕಣ್ಣಕ್ಕ ಮೂರು ಸಲ ಬಚ್ಚಲಿಗೆ ಹೋಗಿ ಬಂದಳು. ಹಿಂದಿನ ದಿನದಿಂದ ಒಂದು ತುತ್ತು ಗಂಟಲಿನಿಂದ ಇಳಿದಿದ್ದರೆ ತಾನೆ! ಆದರೆ ಹೆದರಿಕೆಗೆ ಅದೆಲ್ಲ ಲೆಕ್ಕಕ್ಕಿಲ್ಲ.

ಕಣ್ಣಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅಚ್ಚುಮನೆಯವರು ಇಟ್ಟದ್ದು. ಆ ಅಚ್ಚುಮನೆಯಲ್ಲಿ ಪ್ರಾಣಿಗಳ ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು. ಚಿತ್ರಗಾರರು ಕೈಯಾರೆ ಬರೆದ ಕುದುರೆ, ಬಾತು, ಬೆಕ್ಕು, ಗೂಬೆ ಮೊದಲು ಇಲ್ಲಿಗೆ ಬರುತ್ತಿದ್ದವು. ದೊಡ್ಡ ಕ್ಯಾಮೆರಾದ ಕೆಳಗೆ ಮಲಗಿ ಫೋಟೊ ಹೊಡೆಸಿಕೊಂಡು, ಆಮೇಲೆ ಮೆಷಿನ್ನಿನಿಂದ ದಪ್ಪ ಹತ್ತಿ ಕಾಗದದ ಮೇಲೆ ಇಳಿಯುತ್ತಿದ್ದವು. ಮೂಲ ಚಿತ್ರ ಒಬ್ಬರ ಮನೆಯ ಗೋಡೆಗೆ. ಪ್ರತಿಗಳು ನೂರು ಮನೆಯ ಗೋಡೆಗೆ. ಇವೆರಡರ ನಡುವೆ ಕೂತವಳು ಕಣ್ಣಕ್ಕ. ಕಿಟಕಿಯಿಲ್ಲದ ಬೂದು ಗೋಡೆಯ ಕೋಣೆ, ಬೂದು ಮೇಜು, ಮೇಲೊಂದು ಬಿಳಿ ದೀಪ. ಎಡಕ್ಕೆ ಮೂಲ, ಬಲಕ್ಕೆ ಪ್ರತಿ. ಎಡಗಣ್ಣು ಕಿರಿದು ಮಾಡಿ, ಬಲಗಣ್ಣು ಅರಳಿಸಿ, ಉಸಿರು ಬಿಗಿಹಿಡಿದು ನೋಡಿ, ‘ನರಿಯ ಬಾಲಕ್ಕೆ ಕೆಂಪು ಸಾಲದು’ ಅಂದರೆ ಸಾಲದು. ‘ಆಯ್ತು, ಹೊಡಿ’ ಅಂದರೆ ಆಯಿತು. ಬಣ್ಣದ ಟ್ರೇ ತೊಳೆಯಲು ಬಂದ ಈ ಹುಡುಗಿಯನ್ನು ಹಳೆಯ ಯಜಮಾನರು ಆ ಮೇಜಿಗೆ ಕೂರಿಸಿ ಇಪ್ಪತ್ತಾರು ವರ್ಷವಾಗಿತ್ತು. ಅವರು ತೀರಿಕೊಂಡು ಮಗಳು ಯಜಮಾನಿಯಾದರೂ ಮೇಜು ಕಣ್ಣಕ್ಕನದೇ. ಅಲ್ಲಿ ಬೇರೆಯವರು ಚಹಾದ ಲೋಟ ಇಟ್ಟರೂ ಅವಳಿಗೆ ಮೈ ಉರಿಯುತ್ತಿತ್ತು.

ಅಂಥವಳು ತಪ್ಪು ಮಾಡಿದ್ದಳು. ಒಂದಲ್ಲ ಎರಡಲ್ಲ, ನೂರಿಪ್ಪತ್ತು ಪ್ರತಿ.

ಚಿತ್ರ ಒಂದು ಬಿಳಿ ಆಡಿನದು. ಸುಣ್ಣ ಹೊಡೆದ ಗೋಡೆಯ ಮುಂದೆ ಬಿಳಿ ಆಡು, ನೆಲದ ಮೇಲೆ ಬಿಳಿ ಬಿಸಿಲು. ಇಂಥ ಚಿತ್ರ ಬರೆಯುವವನಿಗೆ ಬುದ್ಧಿ ಇಲ್ಲ, ಅಚ್ಚು ಹಾಕುವವರಿಗೆ ನಿದ್ದೆ ಇಲ್ಲ. ಬಿಳಿಯಲ್ಲೇ ಹತ್ತು ಬಿಳಿ, ಒಂದು ಚೂರು ಅತ್ತಿತ್ತ ಆದರೆ ಆಡೂ ಹೋಯಿತು ಗೋಡೆಯೂ ಹೋಯಿತು. ಅದನ್ನು ಬರೆದ ಚಿತ್ರದಜ್ಜ ಮೂಲವನ್ನು ಇಲ್ಲಿ ಮೂರೇ ದಿನ ಬಿಟ್ಟಿದ್ದ. ‘ಅವಳಿಲ್ಲದೆ ನಂಗೆ ನಿದ್ದೆ ಬರಲ್ಲ’ ಎಂದು ಹೊತ್ತುಕೊಂಡು ಹೋದ. ಆಮೇಲೆ ನೋಡಿದರೆ ಕಾಗದ ಮುಗಿದಿತ್ತು. ಬೇರೆ ಕಡೆಯ ಹೊಸ ಕಾಗದ ಬಂತು. ಅದರ ಮೇಲೆ ಆಡು ಯಾಕೋ ಹಳದಿ ಕಂಡಿತು. ಮೂಲ ಎದುರಿಗಿಲ್ಲ, ನೆನಪಿನಿಂದಲೇ ಸರಿಮಾಡಬೇಕು. ‘ಹಳದಿ ಇಳಿಸು’ ಎಂದಳು. ‘ನೀಲಿ ಒಂದು ಚೂರು ಏರಿಸು’ ಎಂದಳು. ಹೀಗೆ ನಾಲ್ಕು ಸಲ.

ನಾಲ್ಕನೆಯ ಸಲ ಮೆಷಿನ್ನಿನವ ತಲೆ ಕೆರೆದುಕೊಂಡಿದ್ದ. ಎರಡು ಮಕ್ಕಳ ತಂದೆ, ಅಚ್ಚುಮನೆಯಲ್ಲಿ ಅವಳಷ್ಟೇ ಹಳಬ, ಮಾತಿಗೊಂದು ತಮಾಷೆಯ ಗಿರಾಕಿ.

“ಅಕ್ಕಾ, ಆಡಿಗೆ ಶೀತ ಆದ ಹಾಗೆ ಕಾಣುತ್ತೆ. ಸ್ವಲ್ಪ ನೀಲಿ ಆಗ್ಲಿಲ್ವಾ?”

“ನಿನ್ನ ಕಣ್ಣಾ, ನನ್ನ ಕಣ್ಣಾ?” ಎಂದಿದ್ದಳು ಕಣ್ಣಕ್ಕ.

“ನಂದು ಬರೀ ಕಣ್ಣು, ನೀವು ಕಣ್ಣಕ್ಕ,” ಎಂದು ಕೈಮುಗಿದು ಗುಂಡಿ ಒತ್ತಿದ. ನೂರಿಪ್ಪತ್ತೂ ಹೊರಬಂದವು.

ಅದು ಶುಕ್ರವಾರ. ಭಾನುವಾರ ಬೆಳಗ್ಗೆ ಅವಳು ತಲೆಗೆ ಸ್ನಾನ ಮಾಡುವಾಗ ಎಡಗಣ್ಣಿಗೆ ಸೋಪು ಹೋಯಿತು. ಆ ಕಣ್ಣನ್ನು ಅಂಗೈಯಲ್ಲಿ ಒತ್ತಿಕೊಂಡು ಹೊರಗೆ ಬಂದಳು. ಎರಡು ಕೋಣೆಯ ಮನೆ, ಅಕ್ಕ ತಂಗಿ ಇಬ್ಬರೇ. ತಂಗಿ ಹೊಲಿಗೆಯವಳು, ಶಾಲೆ ಮಕ್ಕಳ ಅಂಗಿಗೆಂದು ಬಿಳಿ ಬಟ್ಟೆಯನ್ನು ನಡುಮನೆಯ ತುಂಬ ಹರವಿಕೊಂಡು ಕತ್ತರಿ ಹಿಡಿದು ಕೂತಿದ್ದಳು.

“ಏನೇ ಇದು, ಚಹಾ ಚೆಲ್ಲಿದ ಹಾಗಿದೆ ಬಟ್ಟೆ?”

“ನಿನ್ನ ತಲೆ! ಹಾಲಿನಂಥ ಬಟ್ಟೆ. ಈಗಷ್ಟೇ ಬಿಚ್ಚಿದ್ದು.”

ಕಣ್ಣಕ್ಕ ಎಡಗಣ್ಣಿನ ಮೇಲಿನ ಕೈ ತೆಗೆದು ಬಲಗಣ್ಣು ಮುಚ್ಚಿದಳು. ಬಟ್ಟೆ ಬೆಳ್ಳಗೆ ಬೆಳಗಿತು. ಎಡಗಣ್ಣು ಮುಚ್ಚಿದಳು. ಚಹಾ. ಮತ್ತೆ ಬಲಗಣ್ಣು ಮುಚ್ಚಿದಳು. ಹಾಲು. ತಂಗಿ ಕತ್ತರಿ ಕೆಳಗಿಟ್ಟಳು.

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನಿಂದು ಕಾಮಾಲೆ ಅಲ್ಲ ಕಣೇ, ಪೊರೆ. ಅಮ್ಮನಿಗೂ ಹೀಗೇ ತಾನೆ ಶುರುವಾಗಿದ್ದು?”

ಅಮ್ಮನ ಮಾತು ಎತ್ತಬಾರದಿತ್ತು. ಅಮ್ಮನಿಗೆ ಪೊರೆ ತೆಗೆಸಿದ್ದರು, ತೆಗೆದ ಕಣ್ಣು ಕೀವುಗಟ್ಟಿ ಹೋಯಿತು, ಇನ್ನೊಂದನ್ನು ಮುಟ್ಟಲು ಅವಳು ಯಾರಿಗೂ ಬಿಡಲಿಲ್ಲ. ಕೊನೆಯ ಒಂಬತ್ತು ವರ್ಷ ಇದೇ ನಡುಮನೆಯ ಗೋಡೆ ಸವರಿಕೊಂಡು ಓಡಾಡಿದಳು. ಗೋಡೆಯ ಮೇಲೆ ಅವಳ ಅಂಗೈ ಎತ್ತರಕ್ಕೆ ಎಣ್ಣೆಯ ಕಂದು ಪಟ್ಟಿ ಈಗಲೂ ಇದೆ, ಎಷ್ಟು ಸುಣ್ಣ ಹೊಡೆದರೂ ಹೋಗುವುದಿಲ್ಲ.

“ನಾಳೆ ಹೋಗಿ ನಿನ್ನ ಯಜಮಾನಿಗೆ ಹೇಳಿಬಿಡು. ಆಮೇಲೆ ಡಾಕ್ಟರ ಹತ್ರ ಹೋಗೋಣ. ಕಾಲ ಬದಲಾಗಿದೆ, ಈಗ ಕಾಲುಗಂಟೆ ಕೆಲಸ ಅಂತೆ,” ಎಂದಳು ತಂಗಿ.

“ಬಾಯ್ಮುಚ್ಚೇ,” ಎಂದಳು ಕಣ್ಣಕ್ಕ. ಆ ಮಾತು ಬೈಗುಳದಂತೆ ಬರಲಿಲ್ಲ, ಬೇಡಿಕೊಂಡಂತೆ ಬಂತು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದಳು. ಬಲಗಣ್ಣು ಮುಚ್ಚಿ ಪ್ರತಿಗಳ ಅಟ್ಟಿಯನ್ನು ನೋಡಿದಳು. ದೇವರೇ! ನೀಲಿ ಹೆಚ್ಚು ಹಾಕಿ ಅಲುಬಿದ ಪಂಚೆಯ ಹಾಗಿತ್ತು ಆಡು. ಹಾಳೆಯಾದ ಮೇಲೆ ಹಾಳೆ ತಿರುವಿದಳು. ಒಂದಾದರೂ ಬೆಳ್ಳಗಿರಬಾರದೇ ಎಂದು ನೂರಿಪ್ಪತ್ತನ್ನೂ ತಿರುವಿದಳು. ಒಂದೇ ಮೆಷಿನ್ನು, ಒಂದೇ ಬಣ್ಣ, ಅದು ಹೇಗೆ ಬೇರೆ ಬಂದೀತು? ಹೆದರಿದವರಿಗೆ ಬುದ್ಧಿ ಎಲ್ಲಿರುತ್ತದೆ!

ಹೇಳಿಬಿಡಬಾರದಿತ್ತೇ ಎಂದು ಕೇಳುವವರಿಗೇನು, ಸುಲಭ. ಹೇಳಿದರೆ ಮೇಜು ಹೋಗುತ್ತದೆ. ಮೇಜು ಹೋದರೆ ಅವಳು ಯಾರು? ಓದಿದವಳಲ್ಲ, ಲೆಕ್ಕ ಬಾರದು, ಮೆಷಿನ್ನು ಮುಟ್ಟಿದವಳಲ್ಲ. ಕಣ್ಣಿಲ್ಲದ ಕಣ್ಣಕ್ಕ! ಸೋಮವಾರ ಇಡೀ ದಿನ ಯಜಮಾನಿಯ ಕೋಣೆಯ ಬಾಗಿಲವರೆಗೆ ನಾಲ್ಕು ಸಲ ಹೋದಳು. ನಾಲ್ಕು ಸಲವೂ ಹಾಗೇ ತಿರುಗಿ ಬಂದಳು. ಒಮ್ಮೆಯಂತೂ ಯಜಮಾನಿಯೇ ‘ಏನಕ್ಕ?’ ಎಂದು ಕೇಳಿದಳು. ‘ಗೋಂದು ಮುಗಿದಿದೆ’ ಎಂದು ಹೇಳಿ ಬಂದಳು.

ಈಗ ಮಂಗಳವಾರ. ಗೋಡೆ ಗಡಿಯಾರದಲ್ಲಿ ಹತ್ತಕ್ಕೆ ಐದು ನಿಮಿಷ.

ಚಿತ್ರದಜ್ಜ ಸಾಮಾನ್ಯದವನಲ್ಲ. ಹಿಂದೊಮ್ಮೆ ಬೇರೆ ಅಚ್ಚುಮನೆಯಲ್ಲಿ, ಗಿಣಿಯ ಕೊಕ್ಕಿಗೆ ಕೆಂಪು ಕಡಿಮೆಯಾಯಿತೆಂದು ನಲವತ್ತು ಪ್ರತಿಗಳನ್ನು ನಿಂತ ನಿಲುವಿನಲ್ಲೇ ಹರಿದು, ಚೂರುಗಳನ್ನು ಅಲ್ಲಿಯ ಯಜಮಾನನ ಮೇಜಿನ ಮೇಲೆ ಸುರಿದು ಬಂದಿದ್ದನಂತೆ. ಆ ಗಿಣಿಯ ಬಣ್ಣ ನೋಡಿದ್ದವನನ್ನು ಆ ಸಂಜೆಯೇ ಮನೆಗೆ ಕಳಿಸಿದರಂತೆ. ಈ ಕತೆಯನ್ನು ಮೆಷಿನ್ನಿನವ ನಗುನಗುತ್ತ ನೂರು ಸಲ ಹೇಳಿದ್ದ. ಕಣ್ಣಕ್ಕನೂ ನೂರು ಸಲ ನಕ್ಕಿದ್ದಳು.

ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಅಜ್ಜ ಕಂಬಳಿಯಲ್ಲಿ ಸುತ್ತಿದ ಮೂಲ ಚಿತ್ರವನ್ನು ಕಂಕುಳಲ್ಲಿ ಅವಚಿಕೊಂಡು, ಬಣ್ಣದ ತಗಡಿನ ಡಬ್ಬಿಯನ್ನು ಹೆಗಲಿಗೆ ನೇತುಹಾಕಿಕೊಂಡು ಬಂದ. ಮಾರಾಟದ ಕೋಣೆಯಲ್ಲಿ ಪ್ರತಿಗಳ ನಡುವೆ ಮೂಲವನ್ನೂ ತೂಗುಹಾಕುವುದು ಎಂದು ಮೊದಲೇ ಮಾತಾಗಿತ್ತು. ಡಬ್ಬಿ ಯಾಕೆಂದರೆ, ಅಜ್ಜನದೊಂದು ಪದ್ಧತಿ. ಪ್ರತಿಯೊಂದು ಪ್ರತಿಗೂ ಸಹಿ ಹಾಕುವ ಮುಂಚೆ ಪ್ರಾಣಿಯ ಕಣ್ಣಿನಲ್ಲಿ ಒಂದು ಬಿಳಿ ಚುಕ್ಕೆಯನ್ನು ತಾನೇ ಕುಂಚದಿಂದ ಇಡುತ್ತಿದ್ದ. ಮೆಷಿನ್ನು ಮೈ ಕೊಡುತ್ತದೆ, ಜೀವ ನಾನು ಕೊಡಬೇಕು ಅನ್ನುತ್ತಿದ್ದ. ಕೊಳ್ಳುವವರಿಗೆ ಆ ಚುಕ್ಕೆಯೆಂದರೆ ಪ್ರಾಣ.

ಕಂಬಳಿಯ ಗಂಟನ್ನು ಯಾರ ಕೈಗೂ ಕೊಡದೆ ಗೋಡೆಗೆ ಒರಗಿಸಿ, “ಎಲ್ಲಿ ನನ್ನ ಬೆಳ್ಳಿ?” ಎಂದ. ಬೆಳ್ಳಿ ಆ ಆಡಿನ ಹೆಸರು.

ಕಣ್ಣಕ್ಕ ಮೊದಲ ಹಾಳೆಯನ್ನು ಎತ್ತಿಕೊಟ್ಟಳು. ಅಜ್ಜ ಅದನ್ನು ಮಾರಾಟದ ಕೋಣೆಯ ದೊಡ್ಡ ಕಿಟಕಿಯ ಹತ್ತಿರ ಒಯ್ದ. ಯಜಮಾನಿ ಪೆನ್ನಿನ ಟೋಪಿ ಕಚ್ಚುತ್ತ ನಿಂತಳು. ಮೆಷಿನ್ನಿನವ ಬಾಗಿಲಿಗೆ ಹತ್ತಿರವಾಗಿ ನಿಂತ, ಓಡುವುದಕ್ಕೆ ಅನುಕೂಲ. ಅಜ್ಜ ನೋಡಿದ, ನೋಡಿದ, ನೋಡುತ್ತಲೇ ಇದ್ದ. ಹರಿಯುವುದಿದ್ದರೆ ಬೇಗ ಹರಿದುಬಿಡು ಮಾರಾಯ ಎಂದು ಕಣ್ಣಕ್ಕ ಮನಸ್ಸಿನಲ್ಲೇ ಗೋಗರೆದಳು.

ಅಜ್ಜ ತಿರುಗಿದ. ಕೆನ್ನೆ ಒದ್ದೆಯಾಗಿತ್ತು.

“ಬಂದಳು ಕಣ್ರೋ. ಎಷ್ಟು ಬೆಳ್ಳಗೆ ಬಂದಳು! ಕೊಟ್ಟಿಗೆಯಿಂದ ಈಗ ಎದ್ದು ಬಂದ ಹಾಗೆ.”

ಮೆಷಿನ್ನಿನವನ ಬಾಯಿ ಸುಮ್ಮನಿರಬೇಕಲ್ಲ!

“ಅಜ್ಜಾ, ಒಂದು ಚೂರು... ನೀಲಿ ಅನ್ಸಲ್ವಾ?”

“ಯಾವನೋ ಅವನು?” ಅಜ್ಜ ಕೋಲೆತ್ತಿದ. “ಅವಳ ಹಾಲು ಹನ್ನೊಂದು ವರ್ಷ ಕುಡಿದಿದೀನಿ ನಾನು. ನನ್ನ ಹೆಂಡತಿ ಅವಳನ್ನ ಮಗು ಥರ ಎತ್ಕೊಂಡು ತಿರುಗಿದಾಳೆ. ಅವಳ ಬಣ್ಣ ನೀನು ನಂಗೆ ಹೇಳ್ತೀಯಾ? ಇದನ್ನ ನೋಡಿದವರು ಯಾರು? ನೀನೇನಮ್ಮಾ? ಕಣ್ಣು ಅಂದ್ರೆ ನಿಂದು!”

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅನ್ನುತ್ತಾರೆ. ಕಣ್ಣಕ್ಕನಿಗೆ ಎರಡು ಸಾವಿರ ಬಂದಂತಾಯಿತು. ಅಳು ಬಂತು, ನಗು ಬಂತು, ಎರಡನ್ನೂ ನುಂಗಿ ಎರಡನೆಯ ಹಾಳೆ ಎತ್ತಿಕೊಟ್ಟಳು. ಅಜ್ಜ ಮಾರಾಟದ ಕೋಣೆಯ ಉದ್ದ ಮೇಜಿಗೆ ಕೂತು ಡಬ್ಬಿ ತೆರೆದ. ಚುಕ್ಕೆ, ಸಹಿ, ಮುಂದಿನದು. ಚುಕ್ಕೆ, ಸಹಿ, ಮುಂದಿನದು. ಯಜಮಾನಿ ಅವನ ಹೆಂಡತಿಯ ವಿಷಯ ಕೇಳಿದಳು, ಅಜ್ಜ ಹೇಳಿದ. ಆಡು ಸತ್ತ ಚಳಿಗಾಲದಲ್ಲೇ ಅವಳೂ ಹೋದಳಂತೆ. ಆಡು ಇನ್ನೂ ಬದುಕಿದ್ದಾಗ, ಅವಳು ಅದರ ಹಗ್ಗ ಹಿಡಿದು ಅಂಗಳದಲ್ಲಿ ನಿಂತಿದ್ದಾಗ ಬರೆದ ಚಿತ್ರ ಅದು. ಹೆಂಡತಿಯನ್ನು ಯಾವತ್ತೂ ಬರೆಯಲಿಲ್ಲವಂತೆ, ನಾಳೆ ಬರೆದರಾಯಿತು ಎಂದುಕೊಂಡು. ಹಗ್ಗದ ತುದಿಯಲ್ಲಿ ಅವಳ ಬೆರಳು ಮೂರು ಮಾತ್ರ ಕಾಣುತ್ತವೆ.

ನಲವತ್ತನೆಯ ಪ್ರತಿ ಮುಗಿದಾಗ ಅಜ್ಜ ಕೈ ಕೊಡವಿ, ಕಂಬಳಿ ಬಿಚ್ಚಿ ಮೂಲವನ್ನು ಮೇಜಿನ ಮೇಲೆ, ಪ್ರತಿಯ ಪಕ್ಕದಲ್ಲಿ ಇಟ್ಟ. ಚೌಕಟ್ಟಿನ ಗಾಜು ತೆಗೆಸಿಕೊಂಡೇ ಬಂದಿದ್ದ. ಕಣ್ಣಕ್ಕ ಮೆಲ್ಲಗೆ ಬಲಗಣ್ಣು ಮುಚ್ಚಿದಳು. ಮೂಲ ಮೂಲವೇ. ಹತ್ತು ಬಗೆಯ ಬಿಳಿ, ಒಂದೊಂದೂ ತನ್ನ ಜಾಗದಲ್ಲಿ. ಹಗ್ಗದ ತುದಿಯಲ್ಲಿ ಮೂರು ಬೆರಳು. ಪಕ್ಕದ ಪ್ರತಿ ನೀಲಿ. ಹಾಡುಹಗಲಿನಲ್ಲಿ, ಒಂದು ಗೇಣು ಅಂತರದಲ್ಲಿ. ಈಗಲಾದರೂ ಕಾಣದೆ ಇರುತ್ತದೆಯೇ!

“ನೋಡಿ ಇವಳ ಗತಿ,” ಎಂದ ಅಜ್ಜ, ಮೂಲವನ್ನು ತೋರಿಸಿ. “ಮೂರು ವರ್ಷದಿಂದ ನೋಡ್ತಾ ಇದೀನಿ, ದಿನಾ ಹಳದಿ ಹೊಡೀತಿದಾಳೆ. ಒಲೆ ಹೊಗೆ ಅಂತ ಅಡುಗೆನೇ ಬಿಟ್ಟೆ. ಆದ್ರೂ ನಿಲ್ಲಲಿಲ್ಲ. ಪೂರ್ತಿ ಹೋಗೋ ಮುಂಚೆ ಅಚ್ಚಾದ್ರೂ ಹಾಕಿಸೋಣ ಅಂತ ನಿಮ್ಮ ಹತ್ರ ಬಂದಿದ್ದು. ಈಗ ದಾರಿ ಸಿಕ್ತು. ಈ ಪ್ರತಿ ಪಕ್ಕದಲ್ಲಿ ಇಟ್ಕೊಂಡು, ಇದೇ ಬಣ್ಣಕ್ಕೆ ಅವಳನ್ನ ತಿದ್ದಿಬಿಡ್ತೀನಿ. ಇವತ್ತೇ.”

ಅಂದವನೇ ಬಿಳಿಗೆ ನೀಲಿ ಬೆರೆಸತೊಡಗಿದ.

ಕಣ್ಣಕ್ಕನಿಗೆ ಎಲ್ಲವೂ ಒಂದೇ ಸಲ ತಿಳಿಯಿತು. ಚಿತ್ರ ಹಳದಿಯಾಗಿರಲಿಲ್ಲ. ಅಜ್ಜನ ಕಣ್ಣಿಗೂ ಪೊರೆ ಬಂದಿತ್ತು. ಅವಳಿಗೆ ಒಂದೇ ಕಣ್ಣಿಗೆ, ಅವನಿಗೆ ಎರಡಕ್ಕೂ. ಅದಕ್ಕೇ ಅವಳ ತಪ್ಪು ಅವನಿಗೆ ಸರಿ ಕಂಡದ್ದು. ನೀರಿನ ಬಣ್ಣದ ಚಿತ್ರ, ಒಂದು ಸಲ ಕುಂಚ ಬಿದ್ದರೆ ಕಾಗದ ಹೀರಿಕೊಳ್ಳುತ್ತದೆ, ಆಮೇಲೆ ಬ್ರಹ್ಮ ಬಂದರೂ ತೆಗೆಯಲಾರ.

ಸುಮ್ಮನಿದ್ದರೆ? ಸುಮ್ಮನಿದ್ದರೆ ಅವಳಷ್ಟು ಸುರಕ್ಷಿತ ಯಾರೂ ಇಲ್ಲ! ಮೂಲವೇ ನೀಲಿಯಾಗಿಬಿಟ್ಟರೆ ಪ್ರತಿ ನೀಲಿ ಅನ್ನುವವರು ಯಾರು? ಮೇಜು ಉಳಿಯುತ್ತದೆ, ದೀಪ ಉಳಿಯುತ್ತದೆ, ಬಲಗಣ್ಣಿನ ವಿಷಯ ತಂಗಿಯ ಹೊಟ್ಟೆಯಲ್ಲೇ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಎರಡು ದಿನದಿಂದ ಅದನ್ನೇ ತಾನೆ ಮಾಡಿದ್ದು? ಅಜ್ಜನ ಕುಂಚ ನೀರಿಗೆ ಹೋಯಿತು, ಬಣ್ಣಕ್ಕೆ ಹೋಯಿತು. ಮೊದಲು ಬೆರಳುಗಳ ಹತ್ತಿರದ ಬಿಳಿಗೇ ಬಂತು.

“ಬೇಡ!”

ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಅಜ್ಜನ ಮಣಿಕಟ್ಟು ಅವಳ ಎರಡೂ ಕೈಯಲ್ಲಿತ್ತು. ಕುಂಚದ ಹನಿ ಪಕ್ಕದ ಪ್ರತಿಯ ಮೇಲೆ ಬಿದ್ದು ಹರಡಿತು.

“ಕೈ ಬಿಡು! ಹುಚ್ಚು ಹಿಡೀತಾ ನಿಂಗೆ?”

“ಬಿಡಲ್ಲ ಅಜ್ಜಾ. ಹೊಡೀರಿ ಬೇಕಾದ್ರೆ. ಅದು ಹಳದಿ ಆಗಿಲ್ಲ. ಬೆಳ್ಳಗೇ ಇದೆ. ನಾನು ಹಾಕಿಸಿದ್ದೇ ತಪ್ಪು, ಇದಿಷ್ಟೂ ನೀಲಿ, ನೂರಿಪ್ಪತ್ತೂ ನೀಲಿ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ನಂಗೆ ಹೇಗೆ ಕಾಣುತ್ತೋ ನಿಮಗೂ ಹಾಗೇ ಕಾಣ್ತಿದೆ. ನಿಮ್ಮ ಕಣ್ಣಿಗೂ ಬಂದಿದೆ ಅಜ್ಜಾ.”

ಅಜ್ಜ ಕುಂಚ ಕೆಳಗಿಡಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

“ಎರಡೂ ಒಂದೇ ಥರ ಕಾಣುತ್ತೆ. ಸುಳ್ಳಿ!”

“ಎರಡಕ್ಕೂ ಬಂದಿದೆ, ಅದಕ್ಕೇ. ನನ್ನ ಮಾತು ನಂಬಬೇಡಿ. ಅವನನ್ನ ಕೇಳಿ, ಇವರನ್ನ ಕೇಳಿ.”

ಅಜ್ಜ ಮೆಷಿನ್ನಿನವನ ಕಡೆ ನೋಡಿದ. ಮೊದಲ ಸಲ ಅವನಿಗೆ ತಮಾಷೆ ಹೊಳೆಯಲಿಲ್ಲ. “ನೀಲಿನೇ ಅಜ್ಜಾ,” ಎಂದ. “ಮೂಲ ಹಾಲಿನ ಹಾಗಿದೆ.”

“ನೀನಮ್ಮಾ?”

ಯಜಮಾನಿ ನೆಲ ನೋಡಿದಳು. “ನಂಗೂ ಶುಕ್ರವಾರವೇ ನೀಲಿ ಅನ್ಸಿತ್ತು. ಅಕ್ಕ ಸರಿ ಅಂದ ಮೇಲೆ ನಂದೇ ತಪ್ಪು ಅಂದ್ಕೊಂಡೆ.” ಆಮೇಲೆ ತಲೆಯೆತ್ತಿ ಕಣ್ಣಕ್ಕನನ್ನು ನೋಡಿದಳು. “ನಿಮಗೆ ಯಾವಾಗ ಗೊತ್ತಾಯ್ತು?”

“ಭಾನುವಾರ.”

“ನಿನ್ನೆ ಇಡೀ ದಿನ ನನ್ನ ಬಾಗಿಲಿಗೆ ಬಂದು ಹೋದ್ರಿ. ಇವತ್ತು ನಲವತ್ತು ಹಾಳೆ ನಿಮ್ಮ ಕೈಯಾರೆ ಎತ್ತಿಕೊಟ್ರಿ.” ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಒಳ್ಳೆಯದಿತ್ತು. “ಮೇಜಿನ ದೀಪ ಆರಿಸಿ ಬನ್ನಿ ಅಕ್ಕ. ಕಣ್ಣು ಸರಿಯಾಗೋವರೆಗೆ ಅಲ್ಲಿ ಕೂರೋದು ಬೇಡ. ಆಮೇಲಿನದ್ದು ಆಮೇಲೆ ನೋಡೋಣ.”

ಕಣ್ಣಕ್ಕ ಹೋಗಿ ದೀಪ ಆರಿಸಿದಳು. ಬೂದು ಕೋಣೆಯ ಕತ್ತಲಲ್ಲಿ ಒಂದು ಗಳಿಗೆ ನಿಂತಳು. ಗೊತ್ತಿಲ್ಲದೆಯೇ ಅವಳ ಅಂಗೈ ಗೋಡೆಯನ್ನು ಸವರುತ್ತಿತ್ತು. ಬೆಂಕಿ ತಗಲಿದಂತೆ ಕೈ ಹಿಂದಕ್ಕೆಳೆದುಕೊಂಡು ಹೊರಗೆ ಬಂದಳು.

ಅಜ್ಜ ಕುಂಚವನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಲೇ ಇದ್ದ, ಅದು ತೊಳೆದು ಎಷ್ಟೋ ಹೊತ್ತಾಗಿದ್ದರೂ. ಬೈಯುತ್ತಾನೆ, ಹರಿಯುತ್ತಾನೆ ಎಂದು ಎಲ್ಲರೂ ಕಾದರು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ದಿನದಿಂದ ಕನ್ನಡಿಯಲ್ಲಿ ತನ್ನ ಮುಖ ಹೇಗಿತ್ತೋ ಹಾಗೇ ಇದೆ ಇವನ ಮುಖ ಎಂದು ಕಣ್ಣಕ್ಕನಿಗೆ ಅನ್ನಿಸಿತು.

“ಮೂರು ವರ್ಷ,” ಎಂದ ಅಜ್ಜ. “ಮೂರು ವರ್ಷದಿಂದ ಬರೆದಿದೀನಲ್ಲ. ಕೊಕ್ಕರೆ, ಮೊಲ, ಆ ಮುದಿ ಕುದುರೆ. ಇಲ್ಲೇ ಅಚ್ಚು ಹಾಕಿದ್ರಿ. ಅವು?”

ಯಜಮಾನಿ ಕಣ್ಣಕ್ಕನ ಕಡೆ ನೋಡಿದಳು. ಮೆಷಿನ್ನಿನವ ಕಿಟಕಿಯ ಹೊರಗೆ ನೋಡಿದ. ಈ ಪ್ರಶ್ನೆ ತನ್ನದೇ ಎಂದು ಕಣ್ಣಕ್ಕನಿಗೆ ಗೊತ್ತಾಯಿತು. ಆ ಚಿತ್ರಗಳು ಅವಳ ಮೇಜಿಗೆ ಬಂದಾಗ ಅವಳ ಎರಡೂ ಕಣ್ಣು ಚೆನ್ನಾಗಿದ್ದವು.

“ಅವೂ ನೀಲಿ ಅಜ್ಜಾ. ಒಂದಕ್ಕಿಂತ ಒಂದು ಹೆಚ್ಚು. ನಿಮ್ಮ ಹೊಸ ಶೈಲಿ ಅಂದ್ಕೊಂಡ್ವಿ. ಕೇಳೋಕೆ ನಿಮ್ಮ ಹೆದರಿಕೆ.”

ಅಜ್ಜ ಮೂಲ ಚಿತ್ರವನ್ನು ಕಂಬಳಿಯಲ್ಲಿ ಸುತ್ತಲು ಹೋದ, ಗಂಟು ಬೀಳಲಿಲ್ಲ. ಕಣ್ಣಕ್ಕ ಗಂಟು ಹಾಕಿಕೊಟ್ಟಳು.

“ಆಪರೇಷನ್ ಮಾಡಿಸ್ಕೋತೀಯಾ?” ಎಂದು ಕೇಳಿದ.

“ತಂಗಿ ಕರ್ಕೊಂಡು ಹೋಗ್ತೀನಿ ಅಂತಾಳೆ. ಹೆದರಿಕೆ ಆಗುತ್ತೆ. ನಮ್ಮಮ್ಮನ ಕಣ್ಣು ಅದರಲ್ಲೇ ಹೋಗಿದ್ದು.”

“ಕಣ್ಣು ಹೋಗುತ್ತೆ ಅಂತ ನಂಗೆ ಹೆದರಿಕೆ ಇಲ್ಲ. ಬಂದುಬಿಡುತ್ತೆ ಅಂತ ಹೆದರಿಕೆ,” ಎಂದ ಅಜ್ಜ. “ಮನೆ ತುಂಬ ಮೂರು ವರ್ಷದ ಚಿತ್ರ ಒರಗಿಸಿಟ್ಟಿದೀನಿ. ಬ್ಯಾಂಡೇಜು ಬಿಚ್ಚಿಕೊಂಡು ಅವುಗಳ ಮುಂದೆ ಒಬ್ಬನೇ ಹೇಗೆ ಹೋಗಿ ನಿಂತ್ಕೊಳ್ಳಲಿ ಹೇಳು?”

ಕಂಬಳಿಯ ಗಂಟನ್ನು ಎತ್ತಿದ. ಯಾರ ಕೈಗೂ ಕೊಡದವನು ಅದನ್ನು ಅವಳ ಕೈಗೆ ಕೊಟ್ಟ, ಮೆಟ್ಟಿಲಿಳಿಯಲು ಕೋಲು ಹುಡುಕಿದ.

“ನೀನು ಮೊದಲು ಮಾಡಿಸ್ಕೋ. ನಾನು ಬಂದು ಆಸ್ಪತ್ರೆ ಹೊರಗೆ ಕೂತಿರ್ತೀನಿ, ನಿನ್ನ ತಂಗಿ ಜೊತೆ. ನನ್ನದಾದ ದಿನ ನೀನು ನಮ್ಮನೆಗೆ ಬಾ.”